ನಾಳೆಯ ಇಟ್ಟಿಗೆ

ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದದ್ದು ಒಂದು ಸಿಳ್ಳೆ. ಹಲ್ಲುಜ್ಜುವಾಗ ಮಾತ್ರ ನಿಲ್ಲುತ್ತಿತ್ತು. ಬಾಯಿ ತೊಳೆದ ಕೂಡಲೇ ಮತ್ತೆ ಶುರು. ಮೇಸ್ತ್ರಿಯ ತಮ್ಮ ಸಿಳ್ಳೆ ಹಾಕುತ್ತಲೇ ಅಂಗಿ ತೊಡುತ್ತಿದ್ದ, ಸಿಳ್ಳೆ ಹಾಕುತ್ತಲೇ ಗೋಡೆಗೆ ಕಟ್ಟಿದ ಸಾರುವೆ ಹತ್ತುತ್ತಿದ್ದ. ಕಟ್ಟಡದ ಯಾವ ಮೂಲೆಯಲ್ಲಿದ್ದಾನೆಂದು ಯಾರೂ ಕೂಗಿ ಕೇಳಬೇಕಿರಲಿಲ್ಲ, ಕಿವಿಗೊಟ್ಟರೆ ಸಾಕಿತ್ತು. ಅದಕ್ಕೇ ಅವನಿಗೆ ಪೀಪಿ ಎಂದು ಹೆಸರು ಬಿದ್ದಿತ್ತು.

"ನಿನ್ನ ಮದುವೆಗೆ ಬ್ಯಾಂಡಿನವರೇ ಬೇಡ ಬಿಡೋ. ನೀನೇ ಊದ್ಕೊಂಡು ಬಾ" ಎಂದು ಅತ್ತಿಗೆ ರೇಗಿಸುತ್ತಿದ್ದಳು.

"ಹುಡುಗಿ ಹುಡುಕಿ ಕೊಡಿ ಅತ್ತಿಗೆ, ಊದೋದು ನನಗೆ ಬಿಡಿ" ಎನ್ನುತ್ತಿದ್ದ ಪೀಪಿ.

ಈಗ ಆ ಮನೆಯಲ್ಲಿ ಮೊದಲು ಏಳುವುದು ಒಂದು ಪ್ರಶ್ನೆ.

"ಅಣ್ಣ, ನನ್ನ ಮೇಲೆ ಬಿದ್ದದ್ದು ಏನು?"

ಗೋಡೆಗೆ ಒರಗಿ ಕೂತು ಪೀಪಿ ಕೇಳುತ್ತಾನೆ. ಬಾಯಿಯ ಒಂದು ಬದಿ ಜೋತುಬಿದ್ದಿದೆ. ಮಾತು ನೆನೆದ ಬಟ್ಟೆಯ ಹಾಗೆ ಭಾರವಾಗಿ ಬರುತ್ತದೆ. ಬಲಗೈ ತೊಡೆಯ ಮೇಲೆ ಬೇರೆ ಯಾರದ್ದೋ ಕೈ ತಂದಿಟ್ಟಂತೆ ಬಿದ್ದಿರುತ್ತದೆ. ನಿನ್ನೆಯೂ ಇದನ್ನೇ ಕೇಳಿದ್ದ, ಮೊನ್ನೆಯೂ ಕೇಳಿದ್ದ. ಉತ್ತರ ಕೊಟ್ಟರೆ ಕೇಳಿಸಿಕೊಳ್ಳುತ್ತಾನೆ, ತಲೆಯಾಡಿಸುತ್ತಾನೆ. ಮರುದಿನದ ಹೊತ್ತಿಗೆ ಅದು ಅವನಲ್ಲಿ ಉಳಿದಿರುವುದಿಲ್ಲ.

ಮೇಸ್ತ್ರಿ ಅಂಗಿಯ ಗುಂಡಿ ಹಾಕುತ್ತಾ ಬೇರೆ ಕಡೆ ನೋಡುತ್ತಾನೆ. "ಗಾಳಿಗೆ ಏನೋ ಬಿತ್ತು ಕಣೋ. ಎಲ್ಲಾ ಹಣೆಬರಹ. ಚಹಾ ಆರಿಹೋಗ್ತಿದೆ, ಕುಡಿ."

ಒಲೆಯ ಮುಂದಿರುವ ಅವನ ಹೆಂಡತಿ ತಿರುಗಿ ನೋಡುವುದಿಲ್ಲ. ಬಿದ್ದದ್ದು ಏನೆಂದು ಅವಳಿಗೆ ಗೊತ್ತು. ಮೇಸ್ತ್ರಿಗೂ ಗೊತ್ತು.

ಅವರ ತಂಡದಲ್ಲಿ ಒಂದು ಪದ್ಧತಿ ಇತ್ತು. ಸಂಜೆ ಕೆಲಸ ಬಿಡುವಾಗ ಮೇಸ್ತ್ರಿ ಗೋಡೆಯ ತಲೆಯ ಮೇಲೆ ಒಂದು ಇಟ್ಟಿಗೆಯನ್ನು ಗಾರೆ ಹಾಕದೆ ಸುಮ್ಮನೆ ಇಟ್ಟು ಇಳಿಯಬೇಕು. ಅದಕ್ಕೆ ನಾಳೆಯ ಇಟ್ಟಿಗೆ ಎನ್ನುತ್ತಿದ್ದರು. ಗೋಡೆ ಮುಗಿದಂತೆ ಕಾಣಬಾರದು, ಕಂಡರೆ ಕೆಲಸ ಮುನಿಸಿಕೊಂಡು ಬೇರೆಯವರ ಕೈಗೆ ಹೋಗುತ್ತದೆ ಎಂಬ ನಂಬಿಕೆ. ಮೇಸ್ತ್ರಿಗೆ ಇದನ್ನು ಹೇಳಿಕೊಟ್ಟವನು ಅವನ ಅಪ್ಪ, ಕೈಗೆ ಮೊದಲ ಕರಣೆ ಕೊಟ್ಟ ದಿನವೇ. "ಒಂದು ಇಟ್ಟಿಗೆ ಗಾರೆ ಕಾಣದೆ ಬಾಯಾರಿಕೊಂಡು ಕೂತಿರಲಿ ಮಗ. ಬೆಳಿಗ್ಗೆ ಅದೇ ನಿನ್ನನ್ನ ಕೂಗಿ ಕರೆಯುತ್ತೆ."

ಅಪ್ಪ ಕಟ್ಟುತ್ತಿದ್ದದ್ದು ಎದೆಮಟ್ಟದ ಕಾಂಪೌಂಡುಗಳು, ಒಂದಂತಸ್ತಿನ ಮನೆಗಳು. ಅಲ್ಲಿಂದ ಇಟ್ಟಿಗೆ ಜಾರಿದರೆ ಯಾರದ್ದೋ ಕಾಲಬೆರಳು ಜಜ್ಜುತ್ತಿತ್ತು, ನಾಲ್ಕು ಬೈಗುಳ ಕೇಳಿಸುತ್ತಿತ್ತು, ಅಷ್ಟೆ. ಮಗ ಕಟ್ಟುತ್ತಿದ್ದದ್ದು ಮೂರನೇ ಮಹಡಿಯ ಹೊರಗೋಡೆ. ಗೋಡೆ ಎತ್ತರವಾಗಿತ್ತು. ಪದ್ಧತಿ ಹಾಗೆಯೇ ಉಳಿದಿತ್ತು.

ಆ ದಿನ ಬೆಳಿಗ್ಗೆ ಪೀಪಿ ಸಾರುವೆಯ ಬುಡದಲ್ಲಿ ಹಲಗೆ ಜೋಡಿಸುತ್ತಿದ್ದ. ಹೆಲ್ಮೆಟ್ ತಲೆಯ ಮೇಲಿರಲಿಲ್ಲ. ಅದನ್ನು ಅಂಗಾತ ಮಾಡಿ, ಅದರ ತುಂಬ ಮೊಳೆ ಹಾಕಿಕೊಂಡು ಪಕ್ಕದಲ್ಲಿ ಇಟ್ಟುಕೊಂಡಿದ್ದ. ಅಲ್ಲಿ ಎಲ್ಲರ ಹೆಲ್ಮೆಟ್ಟಿಗೂ ಅದೇ ಗತಿ. ಒಬ್ಬನಿಗೆ ಮೊಳೆಯ ಡಬ್ಬಿ, ಇನ್ನೊಬ್ಬನಿಗೆ ಕೂರುವ ಮಣೆ. ಕಟ್ಟಡದ ಆಚೆ ಬದಿಯಲ್ಲಿ ಕಾಂಕ್ರೀಟಿನ ಯಂತ್ರ ಶುರುವಾಯಿತು. ಗೋಡೆ ಸಣ್ಣಗೆ ಅದುರಿತು. ಮೇಲಿದ್ದ ನಾಳೆಯ ಇಟ್ಟಿಗೆ ಜಾರಿತು, ಸಾರುವೆಯ ಕೊಳವೆಗೆ ಬಡಿದು ಎರಡಾಯಿತು, ಒಂದು ತುಂಡು ಓರೆಯಾಗಿ ಬಂದು ಪೀಪಿಯ ಎಡಗಿವಿಯ ಮೇಲ್ಗಡೆ ಹೊಡೆಯಿತು.

ಸಿಳ್ಳೆ ನಿಂತಿತು. ಎಲ್ಲರೂ ತಿರುಗಿ ನೋಡಿದ್ದು ಅದಕ್ಕೇ.

ಪೀಪಿ ನೆಲಕ್ಕೆ ಕುಸಿದು ಕೂತಿದ್ದ. ಸ್ವಲ್ಪ ಹೊತ್ತಿಗೆ ಎದ್ದು ನಿಂತು ತಲೆ ಮುಟ್ಟಿಕೊಂಡು ನಕ್ಕ. "ಯಾರಪ್ಪಾ ಅದು, ಬೆಳ್ಳಂಬೆಳಿಗ್ಗೆ ಆಶೀರ್ವಾದ ಮಾಡಿದ್ದು?"

ಎಲ್ಲರಿಗೂ ಹೋದ ಜೀವ ಬಂದಂತಾಯಿತು, ಎಲ್ಲರೂ ನಕ್ಕರು. ರಕ್ತವೂ ಹೆಚ್ಚು ಬಂದಿರಲಿಲ್ಲ. ಅಲ್ಲೇ ಗಾರೆ ಹೊರುತ್ತಿದ್ದ ಅತ್ತಿಗೆ ತನ್ನ ತಲೆಯ ಸಿಂಬೆಯ ಬಟ್ಟೆಯನ್ನೇ ಬಿಚ್ಚಿ ಕಟ್ಟಿದಳು. ಆಮೇಲೆ ಅವನು ತಲೆ ಸಿಡಿಯುತ್ತಿದೆ ಎಂದ, ಒಂದು ಸಲ ವಾಂತಿ ಮಾಡಿಕೊಂಡ, ನಿದ್ದೆ ಬರುತ್ತಿದೆ ಎಂದ.

"ಮಲಗಲಿ ಬಿಡಿ. ಎದ್ದ ಮೇಲೆ ಸರಿಹೋಗ್ತಾನೆ" ಎಂದ ಮೇಸ್ತ್ರಿ. ನೆರಳಿನಲ್ಲಿ ಖಾಲಿ ಸಿಮೆಂಟ್ ಚೀಲ ಹಾಸಿ ಮಲಗಿಸಿದರು.

ಊಟಕ್ಕೆ ಎಬ್ಬಿಸಲು ಅತ್ತಿಗೆ ಹೋದಾಗ ಪೀಪಿ ಗೊರಕೆ ಹೊಡೆಯುತ್ತಿದ್ದ. ಅವನು ಹುಟ್ಟಿದಾಗಿನಿಂದ ಗೊರಕೆ ಹೊಡೆದವನಲ್ಲ. ಅಲುಗಾಡಿಸಿದಳು, ಏಳಲಿಲ್ಲ. ಕೂಗಿದಳು, ಏಳಲಿಲ್ಲ. ಮೇಸ್ತ್ರಿ ಸಾರುವೆಯಿಂದ ಇಳಿದು ಓಡಿ ಬಂದ. ಪೀಪಿಯನ್ನು ಗಾಡಿಗೆ ಹತ್ತಿಸುವ ಗಡಿಬಿಡಿಯಲ್ಲಿ ಅವಳ ಕಾಲಿಗೆ ಒಂದು ಇಟ್ಟಿಗೆ ತುಂಡು ತಾಗಿತು. ಎತ್ತಿ ನೋಡಿದಳು. ಯಾವ ಮಗ್ಗುಲಲ್ಲೂ ಗಾರೆಯ ಕಲೆ ಇರಲಿಲ್ಲ. ಗಂಡನೂ ಅದನ್ನು ನೋಡಿದ. ನೋಡಿ, ಅವಳ ಕೈಯಿಂದ ತೆಗೆದು ಕಲ್ಲುಮಣ್ಣಿನ ರಾಶಿಯ ಕಡೆ ಎಸೆದ.

ಆಸ್ಪತ್ರೆಯಲ್ಲಿ ತಲೆಯ ಚಿಪ್ಪು ತೆರೆದು ಒಳಗೆ ಹೆಪ್ಪುಗಟ್ಟಿದ ರಕ್ತ ತೆಗೆದರು. ಪೀಪಿ ಉಳಿದ. ಮನೆಗೂ ಬಂದ. ಸಿಳ್ಳೆ ಬರಲಿಲ್ಲ.

ಗಾಯಕ್ಕೆ ಔಷಧಿ ಹಾಕಲು ಮನೆಗೆ ಬರುತ್ತಿದ್ದ ನರ್ಸ್ ನಡುವಯಸ್ಸಿನ ಹೆಂಗಸು. ತಲೆಗೆ ಪೆಟ್ಟು ಬಿದ್ದವರ ವಾರ್ಡಿನಲ್ಲೇ ಬಹಳ ಕಾಲ ದುಡಿದವಳು. ಬಾಯಿ ಜೋರು, ಕೈ ಹಗುರ. ಆ ಸಲ ಬಂದಾಗ ಕೆಲಸಕ್ಕೆ ರಜೆ ಇದ್ದು ಮೇಸ್ತ್ರಿಯೂ ಮನೆಯಲ್ಲಿದ್ದ.

"ಏನಪ್ಪಾ ರಾಜಕುಮಾರ, ಇವತ್ತು ಗಡ್ಡ ಬೋಳಿಸಿದೀಯಾ? ಯಾರಿಗೋಸ್ಕರ?"

"ಅತ್ತಿಗೆ... ಮಾಡಿದ್ದು" ಎಂದ ಪೀಪಿ.

"ಪುಣ್ಯವಂತ. ನನ್ನ ಗಂಡನಿಗೆ ನಾನು ಚಾಕು ತೋರಿಸಿದ್ರೆ ಓಡಿಹೋಗ್ತಾನೆ." ಪಟ್ಟಿ ಬಿಚ್ಚಿ, ಒರೆಸಿ, ಹೊಸ ಪಟ್ಟಿ ಸುತ್ತಿದಳು. ಆಮೇಲೆ ಅವನ ಮುಖದ ಮುಂದೆ ಕೂತಳು. "ಎಲ್ಲಿ, ಊದು. ದೀಪ ಆರಿಸೋ ಹಾಗೆ."

ಪೀಪಿ ತುಟಿ ಕೂಡಿಸಿದ. ಒಂದು ಬದಿ ಕೂಡಿತು, ಇನ್ನೊಂದು ಕೂಡಲಿಲ್ಲ. ಗಾಳಿ ಬಾಯಿಯ ಮೂಲೆಯಿಂದ ಸೋರಿಹೋಯಿತು, ಅದರ ಜೊತೆ ಸ್ವಲ್ಪ ಜೊಲ್ಲು. ಅತ್ತಿಗೆ ಸೆರಗಿನಿಂದ ಒರೆಸಿದಳು. ಅವನು ಸುಸ್ತಾಗಿ ಹಾಗೆಯೇ ಕಣ್ಣು ಮುಚ್ಚಿ ನಿದ್ದೆಹೋದ.

ಮೂವರೂ ಬಾಗಿಲ ಹೊರಗೆ ಬಂದರು.

"ಮುಂದೆ ಸಿಳ್ಳೆ ಬರುತ್ತಾ ಸಿಸ್ಟರ್?" ಎಂದು ಕೇಳಿದವಳು ಹೆಂಡತಿ.

"ದಿನಾ ಊದಿಸು. ಬರುತ್ತೆ ಅಂತ ಸುಳ್ಳು ಹೇಳಲಾರೆ, ಬರಲ್ಲ ಅಂತ ಹೇಳೋಕೆ ಬಾಯಿ ಬರ್ತಿಲ್ಲ." ನರ್ಸ್ ಚೀಲದ ಜಿಪ್ ಎಳೆಯುತ್ತಾ ಕೇಳಿದಳು. "ಅಂದಹಾಗೆ, ಬಿದ್ದದ್ದು ಏನು?"

"ಗಾಳಿಗೆ ಏನೋ..." ಎಂದು ಮೇಸ್ತ್ರಿ ಶುರುಮಾಡಿದ.

"ಇಟ್ಟಿಗೆ" ಎಂದಳು ಹೆಂಡತಿ.

ಆ ಮಾತು ಆ ಮನೆಯಲ್ಲಿ ಮೊದಲ ಸಲ ಹೊರಬಿದ್ದಿತ್ತು. ಮೇಸ್ತ್ರಿ ಬೀದಿಯ ಕಡೆ ನೋಡಿದ. ಎದುರುಮನೆಯವರು ಒಣಹಾಕಿದ್ದ ಬಟ್ಟೆಯನ್ನು ತೆಗೆಯುತ್ತಿದ್ದರು.

"ಕಟ್ಟಡ ಅಂದಮೇಲೆ ಏನಾದ್ರೂ ಬೀಳ್ತಾನೇ ಇರುತ್ತೆ ಸಿಸ್ಟರ್" ಎಂದ ಅವನು. "ಮಳೆಗಾಲದಲ್ಲಿ ಮಳೆ ಬೀಳಲ್ವಾ, ಹಾಗೆ. ಇವನು ಹೆಲ್ಮೆಟ್ ಹಾಕ್ಕೊಂಡಿದ್ರೆ ಏನೂ ಆಗ್ತಿರಲಿಲ್ಲ. ಅದರಲ್ಲಿ ಮೊಳೆ ತುಂಬಿಟ್ಟಿದ್ದ."

"ಹೆಲ್ಮೆಟ್ ಹಾಕಬೇಕಿತ್ತು, ನಿಜ. ಪಟ್ಟಿ ಬಿಗಿದು ಹಾಕಬೇಕಿತ್ತು. ಅದು ಕೊನೇ ಬಾಗಿಲು ಮೇಸ್ತ್ರಿ. ಅದಕ್ಕಿಂತ ಮುಂಚಿನ ಬಾಗಿಲು ಯಾರು ತೆರೆದಿಟ್ಟರು? ಮಳೆಯನ್ನ ಯಾರೂ ಮೇಲೆ ಇಟ್ಟು ಬಂದಿರಲ್ಲ. ಇಟ್ಟಿಗೆಯನ್ನ ಯಾರೋ ಇಟ್ಟಿರ್ತಾರೆ."

ಮೇಸ್ತ್ರಿ ಮೆಲ್ಲಗೆ, "ಎಲ್ಲಾ ಹಣೆಬರಹ" ಎಂದ.

"ಅವನ ಹಣೆ ಈಗ ತಾನೇ ನಾನೇ ಒರೆಸಿ ಬಂದೆ. ಅಲ್ಲಿ ಬರಹ ಗಿರಹ ಏನೂ ಕಾಣಲಿಲ್ಲ. ತಲೇಲಿ ಹೊಲಿಗೆ ಇತ್ತು." ನರ್ಸಿನ ದನಿ ಗಡುಸಾಗಿರಲಿಲ್ಲ. "ನಮ್ಮ ವಾರ್ಡಿಗೆ ಸುತ್ತಿಗೆ ಬಿದ್ದವರು ಬರ್ತಾರೆ, ಬೋಲ್ಟ್ ಬಿಗಿಯೋ ಪಾನಾ ಬಿದ್ದವರು ಬರ್ತಾರೆ, ಬಕೆಟ್ ಬಿದ್ದವರು, ಹಲಗೆ ಬಿದ್ದವರು. ಎಲ್ಲರ ಜೊತೆ ಬಂದವರೂ ಹೇಳೋದು ಒಂದೇ, ತಾನಾಗೇ ಬಿತ್ತು ಅಂತ. ತಾನಾಗೇ ಬೀಳಬಹುದು. ತಾನಾಗೇ ಮೇಲೆ ಹತ್ತಿದ್ದು ಒಂದೂ ಇಲ್ಲ."

"ಹಾಗಾದ್ರೆ ಏನು, ಇಟ್ಟಿಗೇನ ಜೇಬಲ್ಲಿ ಇಟ್ಕೊಂಡು ಗೋಡೆ ಕಟ್ಟಬೇಕಾ?"

"ಸಾರುವೆ ಹಲಗೆಯ ಅಂಚಿಗೆ ಒಂದು ಗೇಣು ಎತ್ತರದ ಅಡ್ಡಹಲಗೆ ಹೊಡೀಬೇಕು. ಇಟ್ಟಿಗೆಯ ರಾಶಿ ಅದಕ್ಕಿಂತ ಎತ್ತರ ಹೋಗ್ಬಾರ್ದು. ಕೆಳಗೆ ಬಲೆ ಕಟ್ಟಬೇಕು. ಸುತ್ತಿಗೆ, ಪಾನಾಗೆ ದಾರ ಹಾಕಿ ಸೊಂಟಕ್ಕೆ ಕಟ್ಕೋಬೇಕು. ಮೇಲೆ ಕೆಲಸ ನಡೆಯೋವಾಗ ಕೆಳಗೆ ಯಾರೂ ಓಡಾಡದ ಹಾಗೆ ಹಗ್ಗ ಎಳೀಬೇಕು. ಇಳಿಯೋ ಹೊತ್ತಿಗೆ ಗೋಡೆ ಮೇಲೆ, ಹಲಗೆ ಮೇಲೆ ಬಿಡಿಯಾಗಿ ಏನೂ ಇರಬಾರದು. ಇದು ನಾನು ಕಟ್ಟಿದ ಕತೆ ಅಲ್ಲ. ಇಷ್ಟು ಮಾಡೋ ಕಡೆಯಿಂದ ನಮ್ಮ ವಾರ್ಡಿಗೆ ಜನ ಬರೋದು ಕಡಿಮೆ. ನಾನು ಅಷ್ಟೇ ಕಂಡಿರೋದು."

ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಸಿಸ್ಟರ್, ಅವನು ಎದ್ದು ನಕ್ಕ. ತಮಾಷೆ ಮಾಡಿದ. ಮಲಗಿಸಿದ್ವಿ. ಆಗಲೇ ಕರ್ಕೊಂಡು ಬಂದಿದ್ರೆ?"

ನರ್ಸ್ ಚೀಲವನ್ನು ಕೆಳಗಿಟ್ಟಳು.

"ತಲೆಗೆ ಪೆಟ್ಟು ಬಿದ್ದವರು ಎಷ್ಟೋ ಸಲ ಎದ್ದು ನಗ್ತಾರೆ ತಾಯಿ. ಒಳಗೆ ರಕ್ತ ಸೋರ್ತಿರುತ್ತೆ. ತಲೆನೋವು, ವಾಂತಿ, ಮಂಪರು ಬಂತು ಅಂದ್ರೆ ಕಾಯೋ ಹಾಗೇ ಇಲ್ಲ. ನಗ್ತಾ ಇದ್ರೂ ಕರ್ಕೊಂಡು ಬರಬೇಕು. ಬಿದ್ದಲ್ಲಿಂದ ಏಳೋಕಾಗದಿದ್ರೆ ಕತ್ತು ಅಲುಗಾಡಿಸಬಾರದು, ಬಾಯಿಗೆ ನೀರು ಹಾಕಬಾರದು, ಆಂಬುಲೆನ್ಸ್ ಕರೀಬೇಕು." ಅವಳ ಭುಜ ಮುಟ್ಟಿದಳು. "ನೀನು ಕೇಳಿದ್ದಕ್ಕೆ ಉತ್ತರ ಇದೆ. ಅದನ್ನ ನನ್ನ ಬಾಯಲ್ಲಿ ಹೇಳಿಸ್ಬೇಡ."

ನರ್ಸ್ ಹೋದ ಮೇಲೆ ಗಂಡ ಹೆಂಡತಿ ಅಲ್ಲೇ ನಿಂತಿದ್ದರು.

"ನಾಳೆಯಿಂದ ನಾನೂ ಮತ್ತೆ ಕೆಲಸಕ್ಕೆ ಬರ್ತೀನಿ. ಪಕ್ಕದ ಮನೆ ಅಜ್ಜಿ ಇವನನ್ನ ನೋಡ್ಕೋತಾರೆ" ಎಂದಳು ಹೆಂಡತಿ. "ಅದೇ ಗೋಡೆ ಕೆಳಗೆ ಗಾರೆ ಹೊರಬೇಕು. ತಲೆ ಮೇಲೆ ಬಾಂಡ್ಲಿ ಇಟ್ಟ ಮೇಲೆ ನಾನು ಮೇಲೆ ನೋಡೋಕಾಗಲ್ಲ. ನೀವೇ ಕೆಳಗೆ ನೋಡಬೇಕು."

"ಅಪ್ಪನ ಕಾಲದಿಂದ ಬಂದದ್ದು ಕಣೇ ಅದು."

"ಮಾವ ಇದ್ದಿದ್ರೆ ಇವತ್ತು ಆ ಮೂಲೇಲಿ ಕೂತವನ ಬಾಯಿ ಒರೆಸ್ತಿದ್ರು. ಅವರ ಮಗ ಅಲ್ವಾ ಅವನೂ?"

ಮೇಸ್ತ್ರಿ ಚಪ್ಪಲಿ ಮೆಟ್ಟಿ ಬೀದಿಗೆ ಇಳಿದ. ಎಲ್ಲಿಗೆ ಎಂದು ಅವಳು ಕೇಳಲಿಲ್ಲ.

ಮರುದಿನ ಮೂರನೇ ಮಹಡಿಯ ಗೋಡೆ ಭುಜದ ಮಟ್ಟಕ್ಕೆ ಬಂತು. ಮೇಸ್ತ್ರಿ ಗೋಡೆಯ ನೇರಕ್ಕೆ ದಾರ ಕಟ್ಟಿದ, ಇಟ್ಟಿಗೆ ಕೂರಿಸಿದ, ಕರಣೆಯ ಹಿಡಿಯಿಂದ ಮೆಲ್ಲಗೆ ತಟ್ಟಿದ. ಬಿಸಿಲು ಇಳಿಯಿತು. ತಂಡದವರು ಕೈ ತೊಳೆದುಕೊಂಡು ಕಾಯುತ್ತಾ ನಿಂತರು. ಮೇಸ್ತ್ರಿ ನಾಳೆಯ ಇಟ್ಟಿಗೆ ಇಡದೆ ಯಾರೂ ಇಳಿಯುವಂತಿರಲಿಲ್ಲ.

ಅವನ ಕೈ ತಾನಾಗಿಯೇ ರಾಶಿಯಿಂದ ಒಂದು ಇಟ್ಟಿಗೆ ಆರಿಸಿತು. ಊದಿ ದೂಳು ತೆಗೆಯಿತು. ಗೋಡೆಯ ತುದಿಯಲ್ಲಿ ಇಟ್ಟಿತು.

ಇಟ್ಟ ಮೇಲೆ ಅವನು ಕೆಳಗೆ ನೋಡಿದ. ಹಿಂದೆ ಎಂದೂ ನೋಡಿದವನಲ್ಲ.

ಹೆಂಡತಿ ಖಾಲಿ ಬಾಂಡ್ಲಿಯನ್ನು ಸೊಂಟಕ್ಕೆ ಇಟ್ಟುಕೊಂಡು ಗೋಡೆಯ ಬುಡದಲ್ಲೇ ನಡೆದು ಬರುತ್ತಿದ್ದಳು. ಸಿಂಬೆ ಇನ್ನೂ ತಲೆಯ ಮೇಲಿತ್ತು. ಮೇಲಿನಿಂದ ಮುಖ ಕಾಣಲಿಲ್ಲ. ಹಳೆಯ ಬಟ್ಟೆಯ ಒಂದು ದುಂಡು ಸುರುಳಿ, ಅದರ ನಡುವೆ ಅವಳ ಬೈತಲೆಯ ಗೆರೆ. ಅಷ್ಟೇ ಅವಳು. ಇಲ್ಲಿಂದ ನೋಡಿದರೆ ಯಾರಾದರೂ ಅಷ್ಟೇ, ಒಂದು ನೆತ್ತಿ. ತಮ್ಮನೂ ಅಷ್ಟೇ ಇದ್ದ, ಒಂದು ನೆತ್ತಿ ಮತ್ತು ಒಂದು ಸಿಳ್ಳೆ.

ಮೇಸ್ತ್ರಿ ಇಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಕಂಕುಳಲ್ಲಿ ಇಟ್ಟುಕೊಂಡು ಒಳಗಿನ ಮೆಟ್ಟಿಲ ಕಡೆ ಹೊರಟ.

ಸಾರುವೆ ಕಟ್ಟುವವನಿಗೆ ಅಳಿಲು ಎಂದು ಅಡ್ಡಹೆಸರು. ಅವನು ಬಾಯಿ ಬಿಟ್ಟು ನೋಡಿದ. "ಮೇಸ್ತ್ರಿ, ಕೂಸನ್ನ ಎತ್ಕೊಂಡು ಎಲ್ಲಿಗೆ ಸವಾರಿ?"

ಯಾರೋ ನಕ್ಕರು. ಮೇಸ್ತ್ರಿ ನಗಲಿಲ್ಲ. ಕೆಳಗಿಳಿದು, ಗೋಡೆಯಿಂದ ದೂರ, ನೀರಿನ ತೊಟ್ಟಿಯ ಪಕ್ಕ ನೆಲದ ಮೇಲೆ ಇಟ್ಟಿಗೆಯನ್ನು ಇಟ್ಟ. ಹಿಂದೆಯೇ ಇಳಿದು ಬಂದ ತಂಡ ಸುತ್ತ ನಿಂತಿತು.

"ನಾಳೆಯ ಇಟ್ಟಿಗೆ ಇನ್ಮೇಲೆ ಇಲ್ಲಿ ಮಲಗುತ್ತೆ" ಎಂದ.

"ಅಲ್ಲ, ಮೇಲಿಂದ ಕೂಗಿದ್ರೆ ತಾನೇ ಕೆಲಸ..." ಎಂದು ಅಳಿಲು ರಾಗ ಎಳೆದ.

"ನೆಲದಿಂದ ಕೂಗಿದ್ರೂ ನನಗೆ ಕೇಳುತ್ತೆ. ನಾನೇನು ಕಿವುಡನಾ?" ಆಮೇಲೆ ಯಾರನ್ನೂ ನೋಡದೆ, "ಪೀಪಿ ಮೇಲೆ ಬಿದ್ದದ್ದು ನಾನಿಟ್ಟದ್ದು" ಎಂದ.

ಅದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೂ ಅಳಿಲು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಹೆಂಡತಿ ಬಾಂಡ್ಲಿ ಕೆಳಗಿಟ್ಟು ತೊಟ್ಟಿಯ ನೀರಿನಲ್ಲಿ ಮುಖ ತೊಳೆಯತೊಡಗಿದಳು, ಬಹಳ ಹೊತ್ತು.

ಮಾರನೆಯ ಬೆಳಿಗ್ಗೆ ಗುತ್ತಿಗೆದಾರ ಬಂದಾಗ ತಂಡ ಕೆಳಗೇ ಕೂತಿತ್ತು. ಅಡ್ಡಹಲಗೆ, ಬಲೆ, ಹಗ್ಗ ಬರುವ ತನಕ ಹತ್ತುವುದಿಲ್ಲ ಎಂದ ಮೇಸ್ತ್ರಿ. ಗುತ್ತಿಗೆದಾರ ಗೊಣಗಿದ, ಫೋನಿನಲ್ಲಿ ಯಾರನ್ನೋ ಬೈದ, ಇವರನ್ನೂ ಬೈದ. ಮಧ್ಯಾಹ್ನದ ಹೊತ್ತಿಗೆ ಹಲಗೆ, ಹಗ್ಗ ಬಂದವು, ಮರುದಿನ ಬಲೆ. ಗಾರೆ ಏರಿಸಲು ಹಗ್ಗ ಎಳೆದ ಜಾಗದೊಳಗೆ ಒಂದು ರಾಟೆ ನಿಂತಿತು. ಬಕೆಟ್ ಏರುವಾಗ ಅದರ ಕೆಳಗೆ ಯಾರೂ ನಿಲ್ಲುವಂತಿಲ್ಲ. ತಲೆಯ ಮೇಲೆ ಹೊರೆ ಇಲ್ಲದ ಮೇಲೆ ಹೆಂಡತಿಯ ತಲೆಗೆ ಮೊದಲ ಸಲ ಹೆಲ್ಮೆಟ್ ಬಂತು. ಅವಳು ಗದ್ದದ ಕೆಳಗೆ ಪಟ್ಟಿ ಬಿಗಿಯುವಾಗ ಅಳಿಲು, "ಅಕ್ಕ, ಪೊಲೀಸ್ ಇನ್ಸ್‌ಪೆಕ್ಟರ್ ಆದ್ರಿ" ಎಂದ.

"ಹೌದು, ಮೊದಲು ನಿನ್ನನ್ನೇ ಹಿಡಿಯೋದು. ಮೊಳೆ ಸುರಿದು ಆ ಹೆಲ್ಮೆಟ್ ತಲೆಗೆ ಹಾಕು."

ಇನ್ನೊಂದು ಬೆಳಿಗ್ಗೆ. ಚಹಾ ಲೋಟದಿಂದ ಆವಿ ಏಳುತ್ತಿತ್ತು.

"ಅಣ್ಣ, ನನ್ನ ಮೇಲೆ ಬಿದ್ದದ್ದು ಏನು?"

ಮೇಸ್ತ್ರಿ ಗುಂಡಿ ಹಾಕುವುದನ್ನು ಅರ್ಧಕ್ಕೆ ಬಿಟ್ಟು ತಮ್ಮನ ಮುಂದೆ ಕುಕ್ಕರಗಾಲಿನಲ್ಲಿ ಕೂತ.

"ಇಟ್ಟಿಗೆ ಕಣೋ. ನಾಳೆಯ ಇಟ್ಟಿಗೆ. ಗಾರೆ ಹಾಕದೆ ನಾನೇ ಇಟ್ಟಿದ್ದೆ."

ಪೀಪಿ ಅವನನ್ನೇ ನೋಡಿದ. ಆ ಮಾತು ಒಳಗೆ ಎಲ್ಲಿಗೆ ಹೋಗುತ್ತಿದೆ, ದಾರಿ ಸಿಗುತ್ತಿದೆಯೋ ಇಲ್ಲವೋ, ಅಣ್ಣನಿಗೆ ತಿಳಿಯಲಿಲ್ಲ. ಎಡಗೈ ನಿಧಾನವಾಗಿ ಎದ್ದು ಬಂದು ಅಣ್ಣನ ಅಂಗಿಯ ಹಾಕದ ಗುಂಡಿಯನ್ನು ಹಿಡಿಯಿತು.

"ಈಗಲೂ... ಇಡ್ತೀಯಾ?"

"ಇಲ್ಲ. ಕೆಳಗೆ ತಂದುಬಿಡ್ತೀನಿ."

"ಹಾಂ" ಎಂದ ಪೀಪಿ. ಆಮೇಲೆ ತುಟಿ ಕೂಡಿಸಿ ಊದಿದ. ಬರೀ ಗಾಳಿ ಬಂತು. ಅಣ್ಣ ಕಾದ. ಮತ್ತೆ ಊದಿದ, ಮತ್ತೆ ಗಾಳಿ. ಅತ್ತಿಗೆ ಒಲೆಯ ಮುಂದಿನಿಂದ, "ನಾಳೆ ಮತ್ತೆ ಊದುವೆಯಂತೆ, ಈಗ ಚಹಾ ಕುಡಿ" ಎಂದಳು.

ಮರುದಿನ ಬೆಳಿಗ್ಗೆ ಅವನು ಮತ್ತೆ ಕೇಳಿದ. ಹಿಂದಿನ ದಿನದ್ದು ಏನೂ ಉಳಿದಿರಲಿಲ್ಲ. ಮೇಸ್ತ್ರಿ ಮತ್ತೆ ಅವನ ಮುಂದೆ ಕೂತು, ಮತ್ತೆ ಮೊದಲಿನಿಂದ ಹೇಳಿದ. ಇವತ್ತೂ ಹೇಳಿಯೇ ಅವನು ಕೆಲಸಕ್ಕೆ ಹೋಗಿರುತ್ತಾನೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಆ ಪ್ರಶ್ನೆ ಏಳುವುದು ಬೇಡ. ಈ ಸಂಜೆ ಸಾರುವೆ ಇಳಿಯುವ ಮೊದಲು ಒಂದು ಸಲ ಹಿಂದೆ ತಿರುಗಿ ನೋಡಿ. ಗೋಡೆಯ ಮೇಲೆ ಬಿಡಿ ಇಟ್ಟಿಗೆ ಇದೆಯೇ, ಹಲಗೆಯ ಅಂಚಿನಲ್ಲಿ ಸುತ್ತಿಗೆ ಇದೆಯೇ, ಇದ್ದರೆ ಕೈಯಲ್ಲಿ ಹಿಡಿದು ಕೆಳಗೆ ತನ್ನಿ. ಎಸೆಯಬೇಡಿ. ಅಡ್ಡಹಲಗೆ, ಬಲೆ, ಹಗ್ಗ ಇಲ್ಲದ ಕಡೆ ಅದನ್ನು ಕೇಳಿ, ಒಬ್ಬೊಬ್ಬರಾಗಿ ಅಲ್ಲ, ಎಲ್ಲರೂ ಸೇರಿ ಕೇಳಿ. ಹೆಲ್ಮೆಟ್ಟಿನ ಜಾಗ ತಲೆ, ಮೊಳೆಗೆ ಬೇರೆ ಡಬ್ಬಿ ಹುಡುಕಿ. ತಲೆಗೆ ಪೆಟ್ಟು ಬಿದ್ದವರು ನಕ್ಕರೂ ನಂಬಬೇಡಿ, ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮತ್ತೆ, ಮೇಲೆ ಇರುವವರೆಗೂ ಆಗಾಗ ಕೆಳಗೆ ನೋಡಿ. ಮುಖ ಕಾಣದಿರಬಹುದು. ಯಾರದ್ದೋ ನೆತ್ತಿ ಅಲ್ಲಿ ಹಾದುಹೋಗುತ್ತಿರುತ್ತದೆ, ಸಿಳ್ಳೆ ಹಾಕುತ್ತಾ.